ಹುಬ್ಬಿನ ಗಂಟು

ತಲೆಗಳಿಗೆ ಬಣ್ಣ ಬಳಿಯುವ ದಿನ ಅವ್ವ ಮಗಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ಮೈಬಣ್ಣಕ್ಕೆ ಮಾದರಿ ಬೇಕಿತ್ತು. ಹೆತ್ತ ಮಗಳಿಗಿಂತ ಅಗ್ಗದ ಮಾದರಿ ಎಲ್ಲಿ ಸಿಕ್ಕೀತು?

"ಕೈ ಚಾಚು," ಅನ್ನುತ್ತಿದ್ದಳು ಅವ್ವ. ಹುಡುಗಿ ಚಾಚುತ್ತಿದ್ದಳು. ಅವ್ವ ಡಬ್ಬಿಯಿಂದ ಬಣ್ಣವನ್ನು ಕಡ್ಡಿಯಲ್ಲಿ ಎತ್ತಿ ಅವಳ ಮೊಣಕೈ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಇಷ್ಟು ಕಂದು, ಇಷ್ಟು ಕೆಂಪು ಎಂದು ಬೆರೆಸುತ್ತಿದ್ದಳು. ಬಣ್ಣ ಮೈಗೆ ಸರಿಯಾಗಿ ಕೂಡಿತು ಅನ್ನುವಷ್ಟರಲ್ಲಿ ಮ್ಯೂಸಿಯಮ್ಮಿನ ಕ್ಯುರೇಟರ್ ಸಾಹೇಬರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಹೇಳುತ್ತಿದ್ದರು: "ಇನ್ನೊಂಚೂರು ಕಪ್ಪು ಮಾಡು. ನೋಡೋಕೆ ಬಂದವರಿಗೆ ಇವರು ಯಾರು ಅಂತ ಗೊತ್ತಾಗಬೇಕಲ್ಲ."

ಅವ್ವ ಕಪ್ಪು ಬೆರೆಸುತ್ತಿದ್ದಳು. ಮುಂದಿನ ವರ್ಷ ಮತ್ತೆ ಅದೇ ಬಾಗಿಲು, ಅದೇ ಕರವಸ್ತ್ರ, ಅದೇ ಮಾತು. ಹೀಗೆ ತಲೆಗಳು ವರ್ಷಕ್ಕೊಂದು ಪದರ ಕಪ್ಪಾಗುತ್ತ ಹೋದವು. ಅವುಗಳ ಪಕ್ಕ ನಿಂತರೆ ಹುಡುಗಿಯೇ ಬೆಳ್ಳಗೆ ಕಾಣುವ ಕಾಲ ಬಂತು.

"ಅವ್ವ, ನಾವು ಇಷ್ಟು ಕಪ್ಪಾ?"

"ಸಾಹೇಬರ ಕಣ್ಣಿಗೆ ಅಷ್ಟು. ಸುಮ್ನೆ ಕೈ ಚಾಚು."

ಶಾಲೆಯಲ್ಲಿ ಅವಳನ್ನು ಮಸಿ ಅಂತ ಕರೆಯುತ್ತಿದ್ದರು. ಹಾಜರಿಯಲ್ಲಿ ಬೇರೆ ಹೆಸರಿತ್ತು, ಅದನ್ನು ಕರೆದವರಿಲ್ಲ. ಮೇಷ್ಟ್ರೇ ಮಸಿ ಅಂದ ಮೇಲೆ ಮಕ್ಕಳ ಬಾಯಿ ಹಿಡಿಯುವವರು ಯಾರು? ಮುಂದೆ ದೊಡ್ಡವಳಾದ ಮೇಲೆ ಅವಳೇ ತನ್ನ ಚಿತ್ರಗಳ ಕೆಳಗೆ ಮಸಿ ಅಂತ ಬರೆದುಕೊಂಡಳು. ಬೈದವರ ಬಾಯಿಂದ ಅದನ್ನು ಕಿತ್ತುಕೊಂಡಳು ಅಂತ ಬೇಕಾದರೆ ಹೇಳಿ. ಈ ಕತೆಯಲ್ಲೂ ಅದೇ ಹೆಸರಿರಲಿ.

ತಲೆಗಳ ವಿಷಯ ಹೇಳಬೇಕು. ಮ್ಯೂಸಿಯಮ್ಮಿನ ಹಿಂಭಾಗದಲ್ಲಿ ಉದ್ದನೆಯ ಕೋಣೆ. ಎಲ್ಲರ ಬಾಯಲ್ಲೂ ಅದು ತಲೆಕೋಣೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟರಿನ ತಲೆಗಳು. ಕಡಲಾಚೆಯಿಂದ ಬಂದು ಆಳಿದ ದೊರೆಗಳ ಕಾಲದವು. ಆ ದೊರೆಗಳು ಮಸಿಯ ಜನರನ್ನು ಎಲ್ಲಿಂದಲೋ ಹಡಗಿನಲ್ಲಿ ತುಂಬಿಕೊಂಡು ಬಂದು ಕಲ್ಲುಗಣಿಗೆ ಇಳಿಸಿದರು. ಬೆನ್ನು ಮುರಿಸಿದ್ದು ಸಾಲದು ಅಂತ ಅವರ ಹಣೆ, ಮೂಗು, ತುಟಿ ಅಳೆದರು. ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದರು. ಯಾವ ತಲೆಗೂ ಹೆಸರಿಲ್ಲ. 'ಗಂಡು, ಕೀಳು ಬುಡಕಟ್ಟು' ಅಂತ ಒಂದು ಚೀಟಿ, 'ಹೆಣ್ಣು, ಕೀಳು ಬುಡಕಟ್ಟು' ಅಂತ ಇನ್ನೊಂದು.

ದೊರೆಗಳು ಹೋದರು. ಬಾವುಟ ಬದಲಾಯಿತು. ಹಲಗೆ ಬದಲಾಗಲಿಲ್ಲ. ಈಗಿನ ಸಾಹೇಬರ ಮೈಬಣ್ಣ ದೊರೆಗಳದ್ದೂ ಅಲ್ಲ, ಮಸಿಯವರದ್ದೂ ಅಲ್ಲ, ನಡುವಿನದು. ಆ ನಡುವಿನವರಿಗೇ ಮೇಲು ಕೀಳಿನ ಚಿಂತೆ ಜಾಸ್ತಿ.

ಇನ್ನೊಂದು ಮಾತು. ಗಂಡಸರ ತಲೆ ಕುತ್ತಿಗೆಗೆ ಮುಗಿಯುತ್ತಿತ್ತು. ಹೆಂಗಸರದ್ದು ಎದೆಯವರೆಗೆ ಇತ್ತು. ಯಾಕೆ ಅಂತ ಕೇಳಿದವರಿಲ್ಲ. ಮಸಿ ಕೇಳಿದಳು. ಕೇಳುವುದಕ್ಕೆ ಕಾರಣ ಬಣ್ಣ. ವರ್ಷ ತುಂಬುವ ಮೊದಲೇ ಬಣ್ಣ ಸವೆದು ಪ್ಲಾಸ್ಟರಿನ ಬಿಳಿ ಎದ್ದು ಕಾಣುತ್ತಿದ್ದದ್ದು ಹೆಂಗಸರ ಎದೆಯ ಮೇಲೆ ಮಾತ್ರ. ಮುಟ್ಟಬೇಡಿ ಅಂತ ಹಲಗೆಗೆ ಬೋರ್ಡು ತೂಗುಹಾಕಿದ್ದರು. ಓದು ಬಂದವರೇ ಮುಟ್ಟುತ್ತಿದ್ದರು, ಮುಟ್ಟಿ ಕಿಸಕ್ಕನೆ ನಗುತ್ತಿದ್ದರು. ಅವ್ವ ಹಲ್ಲು ಕಚ್ಚಿಕೊಂಡು ಅಲ್ಲಿಗೆ ಎರಡು ಕೈ ಬಣ್ಣ ಹೆಚ್ಚು ಹಾಕುತ್ತಿದ್ದಳು.

"ಇವರಿಗೆ ಒಂದು ಬಟ್ಟೆ ಹೊದಿಸಬಾರದಾ ಅವ್ವ?"

"ಹೊದಿಸಿದ್ದೆ. ಸಾಹೇಬರು ಕಿತ್ತು ಮುಖದ ಮೇಲೆ ಎಸೆದ್ರು."

ಮೂರನೇ ಹಲಗೆಯ ಕೊನೆಯಲ್ಲಿ ಒಂದು ಹೆಂಗಸಿನ ತಲೆ. ಬಲಗಿವಿಯ ಹಾಲೆ ಹರಿದು ಎರಡಾಗಿದೆ. ಅದು ಅವ್ವನ ಅಜ್ಜಿ. ಮಸಿಗೆ ಮುತ್ತಜ್ಜಿ. ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಒಂದು ದಿನ ಹೊಟ್ಟೆನೋವು ಅಂತ ದೊರೆಗಳ ಆಸ್ಪತ್ರೆಗೆ ಹೋದವಳು ಹಿಂದಕ್ಕೆ ಬರಲಿಲ್ಲ. ಅವಳ ಮಗಳು ದೊಡ್ಡವಳಾಗಿ ಮ್ಯೂಸಿಯಮ್ಮಿನಲ್ಲಿ ಕಸ ಗುಡಿಸಲು ಸೇರಿದ ದಿನ, ಪೊರಕೆ ಹಿಡಿದು ತಲೆಕೋಣೆಗೆ ಹೋದವಳು, ಆ ಹರಿದ ಕಿವಿ ನೋಡಿ ಅಲ್ಲೇ ಕುಸಿದು ಕೂತಳಂತೆ. ಆಮೇಲೆ ಅವಳೇ ಸಮಾಧಾನ ಮಾಡಿಕೊಂಡಳು. ತನ್ನವ್ವ ಸತ್ತ ಮೇಲೆ ದೊರೆಗಳು ಗೌರವಕ್ಕೆ ಅಂತ ಮುಖ ತೆಗೆದಿಟ್ಟಿದ್ದಾರೆ, ಎಷ್ಟು ಬಡವರ ಮುಖ ಹೀಗೆ ಉಳಿದೀತು, ಅಂತ. ಆ ಸಮಾಧಾನವನ್ನು ಮಗಳಿಗೆ ಬಿಟ್ಟು ಸತ್ತಳು. ಕೆಲಸವನ್ನೂ ಬಿಟ್ಟು ಸತ್ತಳು.

ಮಸಿಯ ಅವ್ವ ಆ ಸಮಾಧಾನವನ್ನು ಕಣ್ಣಿಗೊತ್ತಿಕೊಂಡು ಕಾಪಾಡಿದಳು. ಬಣ್ಣ ಹಚ್ಚುವ ಮೊದಲು ಕೈ ತೊಳೆದು, ಪ್ಲಾಸ್ಟರಿನ ಗದ್ದ ಹಿಡಿದು, "ಅಜ್ಜಿ, ಮುಖ ಒರೆಸ್ತೀನಿ, ಕೋಪ ಮಾಡ್ಕೋಬೇಡ," ಅನ್ನುತ್ತಿದ್ದಳು. ಬೇರೆ ತಲೆಗಳ ಬಿರುಕಿಗೆ ಸುಣ್ಣದ ಪುಟ್ಟಿಯನ್ನು ಸುಮ್ಮನೆ ಬಳಿದು ಮುಂದೆ ಹೋಗುತ್ತಿದ್ದಳು. ಅಜ್ಜಿಯ ಬಿರುಕಿಗೆ ಮಾತ್ರ ಬೆಣ್ಣೆಯಂತೆ ನಾದಿದ ಪುಟ್ಟಿ. ಬ್ಲೇಡಿನಲ್ಲಿ ನವಿರಾಗಿ ತುಂಬಿ, ಒಣಗಿಸಿ, ಎಮರಿ ಕಾಗದದಲ್ಲಿ ಉಜ್ಜಿ, ಬೆರಳಿಟ್ಟು ಸವರಿ ನೋಡುತ್ತಿದ್ದಳು. ತಾಯಿ ಮಗುವಿನ ಹಣೆ ಮುಟ್ಟಿ ನೋಡುವುದಿಲ್ಲವೇ, ಹಾಗೆ.

ಉಳಿದ ಬಣ್ಣದಲ್ಲಿ ಮಸಿ ಕ್ವಾರ್ಟರ್ಸಿನ ಗೋಡೆ ತುಂಬ ಚಿತ್ರ ಬರೆದಳು. ಮ್ಯೂಸಿಯಮ್ಮಿನ ಹಿಂದಿನ ಒಂಟಿ ಕೋಣೆಯೇ ಅವರ ಕ್ವಾರ್ಟರ್ಸು. ಗೇಟಿನ ವಾಚ್‌ಮನ್, ಅವಳ ಬಾಯಲ್ಲಿ ಮಾವ, ಇಣುಕಿ ನೋಡಿ ಹೇಳಿದ: "ಕೈಯಲ್ಲಿ ಏನೋ ಇದೆ ಕಣೇ ನಿಂಗೆ. ನಿಮ್ಮವ್ವ ತಲೆ ಬಳೀತಾಳೆ, ನೀನು ಗೋಡೆ ಬಳೀತೀಯ, ಒಳಗಿರೋರು ಬರೀ ನಾಲಿಗೆ ಬಳಸ್ತಾರೆ." ಅವನೇ ಚಿತ್ರಕಲೆಯ ಕಾಲೇಜಿನ ಸುದ್ದಿ ತಂದ. ಅವ್ವನಿಗೆ ಹೇಳಿದ, ಮೇಷ್ಟ್ರಿಗೆ ಹೇಳಿದ, ಕೊನೆಗೆ ಅರ್ಜಿ ಹಾಕಿಸಿಯೇ ಬಿಟ್ಟ. ಸೀಟು ಸಿಕ್ಕಿತು.

ಕಾಲೇಜಿನಲ್ಲಿ ಮುಖದ ಅಚ್ಚು ತೆಗೆಯುವ ಪಾಠ. ಮಲಗಲು ಒಬ್ಬರು ಬೇಕು. ಶಿಲ್ಪದ ಮೇಷ್ಟ್ರು ಇಡೀ ತರಗತಿಯನ್ನು ನೋಡಿ, "ಮಸಿ, ನೀನೇ ಬಾ. ನಿನ್ನ ಮುಖ ಗಟ್ಟಿ," ಅಂದರು. ಕೆಟ್ಟರೂ ಪರವಾಗಿಲ್ಲದ ಮುಖ ಅಂತ ಅರ್ಥ. ಅವಳಿಗೆ ಅರ್ಥವಾಯಿತು, ಮಲಗಿದಳು.

ಹುಬ್ಬಿಗೆ, ರೆಪ್ಪೆಗೆ ವ್ಯಾಸಲೀನ್ ಹಚ್ಚಿದರು. ಮೂಗಿನ ಎರಡೂ ಹೊಳ್ಳೆಗೆ ಕೊಳವೆ ತುರುಕಿದರು. ಆಮೇಲೆ ಪ್ಲಾಸ್ಟರ್ ಬಿತ್ತು. ಮೊದಲು ತಣ್ಣಗೆ, ಮೆತ್ತಗೆ. ಕಣ್ಣು ಹೋಯಿತು. ಬಾಯಿ ಹೋಯಿತು. ಆಮೇಲೆ ಪ್ಲಾಸ್ಟರ್ ಬಿಗಿಯತೊಡಗಿತು, ಬಿಗಿಯುತ್ತ ಬಿಸಿಯಾಯಿತು. ಅದು ಗಟ್ಟಿಯಾಗುವಾಗ ಕಾಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮುಖದ ಮೇಲೆ ಕಾದ ಹೆಂಚು ಕವುಚಿದಂತಾಯಿತು. ಕೊಳವೆಯಿಂದ ಬರುವಷ್ಟೇ ಉಸಿರು. ಕೂಗೋಣ ಅಂದರೆ ಬಾಯಿಲ್ಲ. ಹೊರಗೆ ಯಾರೋ ಕ್ಯಾಂಟೀನಿನ ವಿಷಯ ಮಾತಾಡುತ್ತಿದ್ದರು.

ಅಚ್ಚು ತೆಗೆದು ತಿರುಗಿಸಿ ನೋಡಿದ ಮೇಷ್ಟ್ರು ಲೊಚಗುಟ್ಟಿದರು. ಹುಬ್ಬುಗಳ ನಡುವೆ ಎರಡು ಗೆರೆ ಎದ್ದು ಮೂಡಿದ್ದವು.

"ಕೆಡಿಸಿಬಿಟ್ಟೆ ನೋಡು. ಬದುಕಿರೋರದ್ದು ಇದೇ ಗೋಳು. ಎಷ್ಟು ಹೇಳಿದ್ರೂ ಹುಬ್ಬು ಗಂಟಿಕ್ಕುತ್ತಾರೆ. ಸತ್ತವರ ಮುಖ ಆದ್ರೆ ಸಲೀಸು, ಕೊಳವೆ ಗಿಳವೆ ಏನೂ ಬೇಡ."

ಮಸಿ ಮುಖ ತೊಳೆಯಲಿಲ್ಲ. ಕಿವಿಯಲ್ಲಿ, ಕೂದಲಲ್ಲಿ ಪ್ಲಾಸ್ಟರ್ ಇಟ್ಟುಕೊಂಡೇ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತಿದ್ದವಳು ಎದ್ದು ಬೇರೆ ಕಡೆ ಹೋದಳು. ತಲೆಕೋಣೆಗೆ ಹೋಗಿ ಮುತ್ತಜ್ಜಿಯ ಮುಂದೆ ಮಂಡಿಯೂರಿ ಮೂಗಿನ ಹೊಳ್ಳೆ ನೋಡಿದಳು. ಎರಡೂ ಹೊಳ್ಳೆಯ ಸುತ್ತ ದುಂಡನೆಯ ಗುರುತು. ಕೊಳವೆಯ ಗುರುತು! ಸತ್ತವರಿಗೆ ಉಸಿರಾಡಲು ಕೊಳವೆ ಯಾಕೆ ಬೇಕು? ಕೈ ಮೇಲಕ್ಕೆ ಹೋಯಿತು. ಹುಬ್ಬಿನ ನಡುವೆ ಸವರಿದಳು. ನುಣ್ಣಗಿತ್ತು. ಗೋಡೆಯ ಹಾಗೆ ನುಣ್ಣಗಿತ್ತು.

ಸಂಜೆ ಅವ್ವ ಒಲೆಯ ಮುಂದೆ ಕೂತಿದ್ದಾಗ ಕೇಳಿದಳು. "ಅವ್ವ, ಅಜ್ಜಿಯ ಹುಬ್ಬಿನ ಮಧ್ಯ ಏನಾದ್ರೂ ಇತ್ತಾ?"

"ಬಿರುಕಿತ್ತು. ಉದ್ದಕ್ಕೆ ಎರಡು. ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲು ಮುಚ್ಚಿದ್ದೇ ಅದನ್ನ." ಅವ್ವನ ಮುಖ ಅರಳಿತು. "ಅದನ್ನ ನೋಡಿದ್ರೆ ಹೊಟ್ಟೆ ಚುರುಕ್ ಅನ್ನೋದು ಕಣೇ. ಏನೋ ನೋವು ತಿಂತಿದಾಳೇನೋ ಅನ್ನೋ ಹಾಗೆ. ಈಗ ನೋಡು, ಹಾಯಾಗಿ ನಿದ್ದೆ ಮಾಡ್ತಿದಾಳೆ."

ಮಸಿ ಒಲೆಗೆ ಕಟ್ಟಿಗೆ ಒಡ್ಡಿದಳು. ಏನು ಹೇಳುತ್ತಾಳೆ? ಅದು ಬಿರುಕಲ್ಲ ಅವ್ವ, ಅದೊಂದೇ ಅವಳು ಆಡಿದ ಮಾತು, ಅದನ್ನು ನಿನ್ನ ಕೈಯಾರೆ ಮುಚ್ಚಿದೆ ಅಂತ ಹೇಳುತ್ತಾಳಾ? ಹೇಳಲಿಲ್ಲ. ತಟ್ಟೆಯಲ್ಲಿ ಹಾಕಿದ್ದನ್ನು ತಿಂದು ಮಲಗಿದಳು.

ಅವಳು ಓದಿಗೆ ಬಿದ್ದದ್ದು ಅಲ್ಲಿಂದ. ಯಾರೋ ಕೇಳಿದ್ದರು, ಚಿತ್ರ ಬರೆಯುವವಳಿಗೆ ಜನಾಂಗ, ಹೆಣ್ಣು, ವಸಾಹತು ಅಂತ ಈ ದಪ್ಪ ಪುಸ್ತಕಗಳ ಸಹವಾಸ ಯಾಕೆ ಅಂತ. ಯಾಕೆ ಅಂದರೆ ಅವಳಿಗೆ ಸಿಟ್ಟಿತ್ತು, ಸಿಟ್ಟಿಗೆ ಭಾಷೆ ಇರಲಿಲ್ಲ. ದೊರೆಗಳ ಪುಸ್ತಕಗಳನ್ನು ದೊರೆಗಳ ಭಾಷೆಯಲ್ಲೇ ಓದಿದಳು. ತಲೆ ಅಳೆಯುವ ಇಕ್ಕಳದ ಚಿತ್ರ ನೋಡಿದಳು. ತಮ್ಮ ಹೆಂಗಸರನ್ನು ಪರದೆಯ ಹಿಂದೆ ಕೂರಿಸಿದವರು ಇವಳ ಹೆಂಗಸರ ಎದೆಯನ್ನು ಹಲಗೆಯ ಮೇಲೆ ಯಾಕಿಟ್ಟರು ಅನ್ನುವುದನ್ನು ಓದಿ ಪುಸ್ತಕವನ್ನು ಗೋಡೆಗೆ ಎಸೆದಳು. ಆಮೇಲೆ ಎದ್ದು ಹೋಗಿ ಎತ್ತಿಕೊಂಡು, ಬೆನ್ನು ಅಂಟಿಸಿ, ಮುಂದಿನ ಪುಟ ಓದಿದಳು. ಹಗಲು ಓದು, ಸಂಜೆ ಚಿತ್ರ. ದೊಡ್ಡ ದೊಡ್ಡ ಬಟ್ಟೆಯ ಮೇಲೆ ಬರೀ ಹುಬ್ಬುಗಳನ್ನೇ ಬರೆದಳು. ಜನ ಬಂದು ನೋಡಿದರು, ಹೊಗಳಿದರು.

ಆಗ ಸಿಕ್ಕವರು ಪ್ರೊಫೆಸರ್ ಮೇಡಂ. ವಿಶ್ವವಿದ್ಯಾಲಯದಲ್ಲಿ ದೊಡ್ಡ ಹೆಸರು. ದಮನಿತರ ಪರ ಮಾತಾಡಿದರೆ ಸಭೆಯಲ್ಲಿ ಕಣ್ಣೀರು ಬರಿಸುತ್ತಿದ್ದರು. ಮಸಿಯನ್ನು ತಮ್ಮ ಕೈಕೆಳಗೆ ಸಂಶೋಧನೆಗೆ ಸೇರಿಸಿಕೊಂಡರು. ಒಳ್ಳೆಯವರೇ, ಇಲ್ಲ ಅನ್ನಬಾರದು. ಆದರೆ ಮಸಿ ಒಂದು ವಾದ ಬರೆದರೆ ಅದರ ಮೇಲೆ ಗೀಟು ಎಳೆದು, "ಇದೆಲ್ಲ ನಾನು ನೋಡ್ಕೋತೀನಿ. ನೀನು ನಿನ್ನ ಅನುಭವ ಬರಿ, ನಿಮ್ಮವ್ವನ ವಿಷಯ ಬರಿ, ಅದರಲ್ಲಿ ಜೀವ ಇದೆ," ಅನ್ನುತ್ತಿದ್ದರು. ನೆಲ ಒರೆಸುವವಳ ಮಗಳು ಅತ್ತರೆ ಸಾಕು, ಯೋಚನೆ ಮಾಡುವುದಕ್ಕೆ ಬೇರೆಯವರಿದ್ದಾರೆ!

ಆದರೂ ಮಸಿ ಪಟ್ಟು ಬಿಡದೆ ಬರೆದಳು. ಈ ಮುಖಗಳು ಸತ್ತವರವಲ್ಲ. ಬದುಕಿದ್ದವರನ್ನು ಹಿಡಿದು, ಒಲ್ಲೆ ಅಂದರೂ ಮಲಗಿಸಿ ತೆಗೆದದ್ದು. ಹೆಂಗಸರನ್ನು ಬಟ್ಟೆ ಬಿಚ್ಚಿಸಿ ಮಲಗಿಸಿದ್ದು. ಪದವಿ ಕೊಡುವ ಸಮಿತಿಯವರು ಓದಿ ಇಲ್ಲ ಅಂತ ತಲೆಯಾಡಿಸಿದರು. ಕೊಳವೆಯ ಗುರುತು ಅಚ್ಚಿನ ದೋಷವೂ ಇರಬಹುದಲ್ಲ ಅಂದ ಒಬ್ಬ. ಇನ್ನೊಬ್ಬ, "ಮುಖಗಳು ನೋಡಮ್ಮ, ಎಷ್ಟು ಶಾಂತವಾಗಿವೆ. ನಿನ್ನ ಕೋಪವನ್ನ ಅವರ ಮೇಲೆ ಹೇರಬೇಡ," ಅಂದ.

ಶಾಂತ! ಅವ್ವ ತುಂಬಿದ ಶಾಂತಿ ಅದು. ಬಣ್ಣ ಕೆರೆದು, ಪುಟ್ಟಿ ಕಿತ್ತು ತೋರಿಸದೆ ಬೇರೆ ದಾರಿ ಇರಲಿಲ್ಲ.

ಕ್ಯುರೇಟರ್ ಸಾಹೇಬರ ಹತ್ತಿರ ಹೋದಳು. ಅದೇ ಸಾಹೇಬರು. ಈಗ ಕೂದಲು ನರೆತಿತ್ತು, ವಾರಕ್ಕೊಮ್ಮೆ ಕಪ್ಪು ಹಚ್ಚಿಸಿಕೊಳ್ಳುತ್ತಿದ್ದರು. ಕಪ್ಪು ಅವರಿಗೆ ಅಲ್ಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

"ಕೆರೆಯೋದಾ? ಸರ್ಕಾರಿ ಆಸ್ತಿ ಅದು. ನಿಮ್ಮಪ್ಪಂದಲ್ಲ."

"ನಮ್ಮ ಮುತ್ತಜ್ಜೀದು ಸಾರ್."

ಸಾಹೇಬರು ನಕ್ಕರು. ಆಮೇಲೆ ಏನೋ ಹೊಳೆದವರಂತೆ ಕನ್ನಡಕ ತೆಗೆದಿಟ್ಟರು. ಮ್ಯೂಸಿಯಮ್ಮಿಗೆ ನೂರು ವರ್ಷ ತುಂಬುತ್ತಿತ್ತು, ದೊಡ್ಡ ಸಮಾರಂಭವಿತ್ತು. ಕಡಲಾಚೆಯಿಂದ ಹೆಸರುವಾಸಿ ಶಿಲ್ಪಿಯೊಬ್ಬ ಬರುತ್ತಿದ್ದ. ಹಿಂದೆ ಮುಖದ ಅಚ್ಚು ಹೇಗೆ ತೆಗೆಯುತ್ತಿದ್ದರು ಅಂತ ಗಣ್ಯರೆದುರು ಮಾಡಿ ತೋರಿಸುವವನಿದ್ದ. ಮಲಗಲು ಒಬ್ಬರು ಬೇಕಿತ್ತು. ಅದೇ ಜನಾಂಗದವರಾದರೆ ಇನ್ನೂ ಚೆನ್ನ.

"ನೀನು ಮಲಗು. ಆಮೇಲೆ ಒಂದು ತಲೆ ಕೆರೆಯೋಕೆ ಬಿಡ್ತೀನಿ. ನೀನೂ ಬದುಕಿದೆ, ನಾನೂ ಬದುಕಿದೆ."

ಮಸಿ ಹೋಗಿ ವಿಷಯ ಹೇಳಿದಾಗ ಪ್ರೊಫೆಸರ್ ಮೇಡಂ ಸಂತೋಷದಿಂದ ಎದ್ದು ನಿಂತರು. "ಅದ್ಭುತ! ಆದರೆ ಆಗಿನ ಹಾಗೇ ಮಾಡಬೇಕು. ಎದೆಯವರೆಗೆ. ಆಗಲೇ ಆ ಹಿಂಸೆ ಜನಕ್ಕೆ ಮುಟ್ಟೋದು. ಇದು ನಿನ್ನ ದೇಹದ ಪ್ರತಿಭಟನೆ ಆಗತ್ತೆ."

"ಕುತ್ತಿಗೆವರೆಗೆ," ಅಂದಳು ಮಸಿ. "ಅದಕ್ಕಿಂತ ಕೆಳಗೆ ಬೆರಳು ತಗುಲಿದ್ರೂ ಎದ್ದು ಹೋಗ್ತೀನಿ."

"ಆಯ್ತು, ಆಯ್ತು," ಅಂದರು ಮೇಡಂ.

ಅವ್ವನಿಗೆ ಹೇಳಿದಾಗ ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಬದುಕಿರೋರ ಮುಖ ತೆಗೀತಾರೇನೇ? ಅಪಶಕುನ. ಅದೆಲ್ಲ ಸತ್ತವರಿಗೆ ಮಾಡೋದು." ಮಸಿ ಬಾಯಿ ತೆರೆದಳು. ಹೇಳಿಬಿಡೋಣ ಅನ್ನಿಸಿತು. ಅವ್ವನ ಬೆರಳುಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಎಂದೂ ಹೋಗದ ಪುಟ್ಟಿ. ಬಾಯಿ ಮುಚ್ಚಿಕೊಂಡಳು.

ಸಮಾರಂಭದ ದಿನ ತಲೆಕೋಣೆಯನ್ನು ಸಿಂಗರಿಸಿದ್ದರು. ದೀಪ, ಮೈಕು, ಗಣ್ಯರಿಗೆ ಮೆತ್ತನೆಯ ಕುರ್ಚಿ. ನಡುವೆ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಬಿಸಿನೀರಿನ ಬಕೆಟ್ಟು, ಟವೆಲು ಹಿಡಿದು ನಿಲ್ಲುವ ಕೆಲಸ ಅವ್ವನದು. ಅಂದು ಬೆಳಗ್ಗೆಯೇ ಕೊನೆಯ ಸಲ ಬಿರುಕು ಮುಚ್ಚಿ ಬಂದಿದ್ದಳು, ಪುಟ್ಟಿ ಬ್ಲೇಡು ಇನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇದ್ದಳು.

ಮಸಿ ಮಲಗಿದಳು. ಕುತ್ತಿಗೆಯಿಂದ ಕೆಳಕ್ಕೆ ಬಟ್ಟೆ ಹೊದಿಸಿದರು. ಶಿಲ್ಪಿ ಬಂದು ಮೈಕಿನಲ್ಲಿ ಏನೋ ತಮಾಷೆ ಮಾಡಿದ, ಜನ ನಕ್ಕರು. ಕೊಳವೆ ಮೂಗಿಗೆ ಹೋಯಿತು. ಪ್ಲಾಸ್ಟರ್ ಬಿತ್ತು. ಗದ್ದ ಮುಚ್ಚಿತು, ಬಾಯಿ ಮುಚ್ಚಿತು, ಕಣ್ಣು ಮುಚ್ಚಿತು.

ಒಂದು ತಲೆ ಕೆರೆಯುವುದಕ್ಕೆ, ಅಂದುಕೊಂಡಳು ಒಳಗೆ. ಒಂದು ತಲೆಗೆ ಒಂದು ತಲೆ. ಸಹಿಸಿಕೋ.

ಬಿಸಿ ಏರತೊಡಗಿತು. ಆಗ ಎದೆಯ ಮೇಲೆ ಗಾಳಿ ತಗುಲಿತು. ಯಾರೋ ಬಟ್ಟೆಯನ್ನು ಮೆಲ್ಲಗೆ ಕೆಳಕ್ಕೆ ಎಳೆಯುತ್ತಿದ್ದರು, ಒಳಗಿನ ರವಿಕೆಯ ಗುಂಡಿಗೆ ಬೆರಳು ಹಾಕಿದ್ದರು. ಒಂದು ಕೈ ಹೊದಿಕೆಯಡಿ ಸಿಕ್ಕಿಕೊಂಡಿತ್ತು, ಮಸಿ ಇನ್ನೊಂದನ್ನು ಎತ್ತಿದಳು. ಆ ಕೈಯನ್ನು ಯಾರೋ ಹಿಡಿದು, ಸಮಾಧಾನ ಮಾಡುವವರ ಹಾಗೆ ಸವರಿ, ಮೇಜಿಗೆ ಒತ್ತಿದರು. "ಸ್ವಲ್ಪ ಹೊತ್ತು, ಸ್ವಲ್ಪ ಹೊತ್ತು ಅಷ್ಟೇ." ಅತ್ತರಿನ ವಾಸನೆ ಕೊಳವೆಯೊಳಗೂ ಬಂತು. ಮೇಡಂ. ಕೂಗಬೇಕು ಅಂದರೆ ಬಾಯಿಲ್ಲ. ಓಡಬೇಕು ಅಂದರೆ ಕಣ್ಣಿಲ್ಲ. ಇಡೀ ಮೈಯಲ್ಲಿ ಅವಳ ವಶದಲ್ಲಿ ಉಳಿದಿದ್ದದ್ದು ಹುಬ್ಬುಗಳೆರಡೇ. ಅವನ್ನು ಗಂಟಿಕ್ಕಿದಳು. ಪ್ಲಾಸ್ಟರಿನ ಒಳಗೆ, ಇದ್ದಬದ್ದ ಶಕ್ತಿಯನ್ನೆಲ್ಲ ಅಲ್ಲಿಗೇ ತಂದು ಗಂಟಿಕ್ಕಿದಳು.

ಬಕೆಟ್ಟು ಉರುಳಿದ ಸದ್ದು.

"ಕೈ ತೆಗಿ!"

ಆ ದನಿ ಯಾರದು ಅಂತ ಮಸಿಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಅವ್ವ ಹಾಗೆ ಕೂಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಕೈ ತೆಗಿಯೇ ಅಂದೆ! ನನ್ನ ಮಗಳ ಬಟ್ಟೆಗೆ ಕೈ ಹಾಕೋಕೆ ಯಾರೇ ನೀನು? ನಿನ್ನ ಮಗಳನ್ನ ಮಲಗಿಸು ಇಲ್ಲಿ, ಬಿಚ್ಚು, ನೋಡೋಣ!"

ಕುರ್ಚಿಗಳು ಕಿರುಗುಟ್ಟಿದವು. ಒರಟು ಬೆರಳುಗಳು ಮಸಿಯ ಮುಖದ ಮೇಲೆ ಬಿದ್ದವು, ಅರೆ ಬಿಗಿದ ಪ್ಲಾಸ್ಟರನ್ನು ಬಾಚಿ ಬಾಚಿ ತೆಗೆದವು. ಹುಬ್ಬಿನ ಕೂದಲು ಕಿತ್ತು ಬಂತು. ಬೆಳಕು ಕಂಡಿತು. ಅವ್ವ ಟವೆಲು ಎಳೆದು ಮಗಳ ಎದೆಗೆ ಹೊದಿಸಿದಳು. ಮುಖ ಒರೆಸುತ್ತ ಒರೆಸುತ್ತ ಅವ್ವನ ಹೆಬ್ಬೆರಳು ಮಸಿಯ ಹುಬ್ಬುಗಳ ನಡುವೆ ನಿಂತಿತು. ಅಲ್ಲಿ ಎರಡು ಗೆರೆ, ಪ್ಲಾಸ್ಟರ್ ತುಂಬಿಕೊಂಡು ಬೆಳ್ಳಗೆ ಕಾಣುತ್ತಿದ್ದವು. ಅವ್ವ ಅವುಗಳ ಮೇಲೆ ಬೆರಳಾಡಿಸಿದಳು. ಆ ಬೆರಳಿಗೆ ಆ ಗೆರೆಗಳ ಪರಿಚಯವಿತ್ತು.

ಅವ್ವ ತಿರುಗಿ ಮೂರನೇ ಹಲಗೆಯ ಕಡೆ ನೋಡಿದಳು.

"ಬದುಕಿದ್ಲಾ?" ಅಂದಳು.

ಮಸಿ ಬಾಯೊಳಗಿನ ಪ್ಲಾಸ್ಟರ್ ಉಗಿದಳು. "ಹೂಂ ಅವ್ವ."

"ನಿಂಗೆ ಗೊತ್ತಿತ್ತು."

"ಹೂಂ."

ಅವ್ವ ಒಂದು ಬಿಟ್ಟಳು ಕೆನ್ನೆಗೆ. ಪಟಾರ್ ಅಂತ. ಆಮೇಲೆ ಸೊಂಟದಿಂದ ಬ್ಲೇಡು ತೆಗೆದುಕೊಂಡು ಹಲಗೆಯ ಹತ್ತಿರ ಹೋದಳು. ಎಡಗೈಯಲ್ಲಿ ಅಜ್ಜಿಯ ಗದ್ದ ಹಿಡಿದಳು. "ಮುಖ ಒರೆಸ್ತೀನಿ ಅಜ್ಜಿ," ಅಂದಳು.  ಕೆರೆಯತೊಡಗಿದಳು. ಮೊದಲು ಕಡುಕಪ್ಪು ಉದುರಿತು. ಅದರಡಿ ಕಪ್ಪು. ಅದರಡಿ ಕಂದು, ಮಸಿಯ ಮೊಣಕೈ ಪಕ್ಕ ಹಿಡಿದು ಬೆರೆಸಿದ ಕಂದು. ಅದರಡಿ ಪುಟ್ಟಿ. ತಾನೇ ನಾದಿ, ತುಂಬಿ, ಉಜ್ಜಿದ ಪುಟ್ಟಿ. ಅದಕ್ಕೆ ಬ್ಲೇಡಿನ ತುದಿ ಕೊಟ್ಟು ಎಬ್ಬಿಸಿದಳು. ಹಕ್ಕಳೆಯ ಹಾಗೆ ಎದ್ದು ಬಂತು. ಹುಬ್ಬುಗಳ ನಡುವೆ ಎರಡು ಉದ್ದನೆಯ ಗೆರೆ, ಬೆರಳಿನ ಉಗುರು ಇಳಿಯುವಷ್ಟು ಆಳ.

ಗಣ್ಯರು ಚಪ್ಪಾಳೆ ತಟ್ಟಿದರು.

ಸುಳ್ಳಲ್ಲ, ತಟ್ಟಿದರು! ಇದೂ ಕಾರ್ಯಕ್ರಮದ ಭಾಗ ಅಂದುಕೊಂಡರು. ಶಿಲ್ಪಿಯೂ ತಟ್ಟಿದ. ಪ್ರೊಫೆಸರ್ ಮೇಡಂ ಕಣ್ಣೊರೆಸಿಕೊಂಡು ಪಕ್ಕದವರಿಗೆ, "ನೋಡಿದ್ರಾ, ಎಂಥ ಶಕ್ತಿ," ಅಂದರು. ಮಸಿ ಮೇಜಿನ ಮೇಲೆ ಟವೆಲು ಅವುಚಿಕೊಂಡು ಕೂತಿದ್ದಳು. ಕೆನ್ನೆ ಉರಿಯುತ್ತಿತ್ತು.

ಗಣ್ಯರು ಊಟದ ಕಡೆ ಹೋದ ಮೇಲೆ ಸಾಹೇಬರು ಬಾಗಿಲಲ್ಲಿ ಬಂದು ನಿಂತರು. ಇವತ್ತೂ ಒಳಗೆ ಕಾಲಿಡಲಿಲ್ಲ.

"ನಾಳೆ ಬೆಳಗ್ಗೆ ಅದನ್ನ ಮೊದಲಿನ ಹಾಗೆ ಮಾಡಿಡು. ಮಂತ್ರಿಗಳು ಬರ್ತಾರೆ. ನಿನ್ನ ಹಾರಾಟದ ವಿಷಯ ಆಮೇಲೆ ನೋಡ್ಕೋತೀನಿ."

"ಕೈ ಬರಲ್ಲ ಸಾಹೇಬ್ರೆ," ಅಂದಳು ಅವ್ವ.

"ಏನಂದೆ?"

"ಕೈ ಬರಲ್ಲ. ಇಷ್ಟು ವರ್ಷ ಬಂತು. ಇನ್ನು ಬರಲ್ಲ."

"ಸಾರ್, ಕೆರೆಯೋಕೆ ಬಿಡ್ತೀನಿ ಅಂದಿದ್ರಿ," ಅಂದಳು ಮಸಿ. "ಅದನ್ನ ಹಾಗೇ ಬಿಡಿ. ಸಮಿತಿಯವರು ಬಂದು ನೋಡಲಿ."

"ನೀನು ಮಲಗಿದ್ದು ಅರ್ಧ. ಅರ್ಧ ಮಲಗಿದವರಿಗೆ ಎಂಥ ಮಾತು? ಇವಳಲ್ಲದಿದ್ರೆ ಇನ್ನೊಬ್ಬಳು ಬಳೀತಾಳೆ. ನಿಮ್ಮ ಜನಕ್ಕೇನು ಬರವಾ?" ಸಾಹೇಬರು ಹೋದರು.

ಅದು ನಿಜ. ನಾಳೆ ಇನ್ನೊಬ್ಬಳು ಬರುತ್ತಾಳೆ. ಹೊಟ್ಟೆಪಾಡಿನವಳು, ಮಸಿಯ ಜನದವಳೇ. ಪುಟ್ಟಿ ನಾದುತ್ತಾಳೆ. ಅಜ್ಜಿ ಮತ್ತೆ ಹಾಯಾಗಿ ನಿದ್ದೆ ಮಾಡುತ್ತಾಳೆ.

 ಅವ್ವ ಸಿಕ್ಕಿಸಿದ್ದ ಸೆರಗು ಬಿಚ್ಚಿ ಅಜ್ಜಿಯ ಎದೆಗೆ ಸುತ್ತಿದಳು. ಎರಡೂ ಕೈಯಲ್ಲಿ ಎತ್ತಿದಳು. ಒಳಗೆ ಪೊಳ್ಳು, ಅದಕ್ಕೇ ಹಗುರ. "ಅಯ್ಯೋ, ಏನೂ ಭಾರ ಇಲ್ವಲ್ಲೇ ಇವ್ಳು," ಅಂದಳು. ಮಗುವನ್ನು ಎತ್ತಿಕೊಳ್ಳುವ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಹೊರಟಳು. ಮಸಿ ಹಿಂದೆ ಹೋದಳು. ತಡೆಯಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಗೇಟಿನಲ್ಲಿ ವಾಚ್‌ಮನ್ ಮಾವ ಎದ್ದು ನಿಂತ. "ಏನಕ್ಕಾ ಅದು ಸೊಂಟದಲ್ಲಿ?"

"ನಮ್ಮಜ್ಜಿ."

ಅವನು ಸೆರಗಿನ ಮೇಲೆ ಕಾಣುತ್ತಿದ್ದ ಮುಖ ನೋಡಿದ. ಹುಬ್ಬು ನೋಡಿದ. ಗೇಟು ಪೂರ್ತಿ ತೆಗೆದ. "ಹುಷಾರಾಗಿ ಕರ್ಕೊಂಡು ಹೋಗು. ನಾನು ಬೀಡಿ ಸೇದೋಕೆ ಹೋಗಿದ್ದೆ, ನೋಡಿಲ್ಲ."

ಬಸ್‌ಸ್ಟ್ಯಾಂಡಿನಲ್ಲೇ ಪೊಲೀಸರು ಹಿಡಿದರು.

ಠಾಣೆಯಲ್ಲಿ ತಲೆಯನ್ನು ಮೇಜಿನ ಮೇಲಿಟ್ಟರು. ವಯಸ್ಸಾದ ಪೇದೆಯೊಬ್ಬ ಸಿಕ್ಕಿದ ಮಾಲಿನ ಮಹಜರು ಬರೆಯಲು ಕೂತ. ಕನ್ನಡಕ ಮೂಗಿನ ತುದಿಗೆ ತಂದು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಬಾಯಿಬಿಟ್ಟು ಹೇಳಿಕೊಳ್ಳುತ್ತ ಬರೆದ: "ಪ್ಲಾಸ್ಟರಿನ ಹೆಂಗಸಿನ ತಲೆ ಒಂದು. ಕಪ್ಪು ಬಣ್ಣ. ಬಲಗಿವಿ ಹರಿದಿದೆ. ಹಣೆಯ ಬಣ್ಣ ಕೆರೆದಿದೆ." ಪೆನ್ನು ನಿಂತಿತು. ಮುಖವನ್ನೇ ನೋಡಿದ. "ಏನಮ್ಮ ಇದು, ಯಾರೋ ಹೊಡೆಯೋಕೆ ಬಂದ ಹಾಗೆ ಗಂಟಿಕ್ಕಿದಾಳಲ್ಲ." ಬರೆದ: "ಹುಬ್ಬು ಗಂಟಿಕ್ಕಿದೆ."

ಮಸಿ ಆ ಸಾಲನ್ನೇ ನೋಡಿದಳು. ಅಷ್ಟು ವರ್ಷ ಓದಿ, ಅಷ್ಟು ಪುಟ ಬರೆದು, ಸಮಿತಿಯವರ ಕೈಯಲ್ಲಿ ಒಪ್ಪಿಸಲಾಗದ ಮಾತನ್ನು ಈ ಮನುಷ್ಯ ಒಂದೇ ನೋಟಕ್ಕೆ ಬರೆದುಬಿಟ್ಟ. ಇವನಿಗೆ ಒಪ್ಪದೆ ಇರಲು ಯಾವ ಕಾರಣವೂ ಇರಲಿಲ್ಲ.

"ಇದನ್ನ ಏನು ಮಾಡ್ತೀರಿ?" ಕೇಳಿದಳು.

"ಏನು ಮಾಡೋದು, ಸೀಲ್ ಮಾಡಿ ಒಳಗಿಡೋದು. ಕೇಸು ಮುಗಿಯೋವರೆಗೂ ಹೇಗಿದೆಯೋ ಹಾಗೇ ಇರಬೇಕು. ಒಂದು ಗೀರು ಬಿದ್ರೂ ನನ್ನ ಕುತ್ತಿಗೆಗೆ ಬರತ್ತೆ."

"ಕೇಸು ಎಷ್ಟು ದಿನ ನಡೀಬಹುದು?"

ಪೇದೆ ಬೊಕ್ಕ ಬಾಯಲ್ಲಿ ನಕ್ಕ. "ನಾನು ಕೆಲಸಕ್ಕೆ ಸೇರಿದ ವರ್ಷದ ಒಂದು ಸೈಕಲ್ ಕಳ್ಳತನದ ಕೇಸು ಇನ್ನೂ ನಡೀತಿದೆ."

ಅಷ್ಟರಲ್ಲಿ ಸಾಹೇಬರು ಬಂದರು. ಮೇಡಮ್ಮೂ ಜೊತೆಗಿದ್ದರು. ನಾಳೆ ಮಂತ್ರಿಗಳು, ಪತ್ರಿಕೆಯವರು, ಹಲಗೆಯ ಮೇಲೆ ಖಾಲಿ ಜಾಗ. ಸಾಹೇಬರ ಮಾತು ಈಗ ಎಣ್ಣೆ ಹಚ್ಚಿದಂತಿತ್ತು.

"ನೋಡಮ್ಮ, ಆಗಿದ್ದಾಯ್ತು. ತಪ್ಪಾಯ್ತು ಅಂತ ಒಂದು ಮಾತು ಬರೆದುಕೊಡಿ. ದೂರು ಈಗಲೇ ಹಿಂದಕ್ಕೆ ತಗೋತೀನಿ. ನಿಮ್ಮವ್ವನ ಕೆಲಸ, ಕ್ವಾರ್ಟರ್ಸು, ಎಲ್ಲ ಇದ್ದ ಹಾಗೇ ಇರತ್ತೆ."

"ಪದವಿಯ ವಿಷಯ ನನಗೆ ಬಿಡು," ಅಂದರು ಮೇಡಂ. ಮಸಿಯ ಭುಜ ಮುಟ್ಟಲು ಕೈ ಚಾಚಿದರು. ಮಸಿ ನೋಡಿದ ನೋಟಕ್ಕೆ ಆ ಕೈ ಹಿಂದಕ್ಕೆ ಹೋಯಿತು.

"ರಾಜಿ ಆದ್ರೆ ತಲೆ ಎಲ್ಲಿಗೆ ಹೋಗತ್ತೆ ಸಾರ್?"

"ಇನ್ನೆಲ್ಲಿಗೆ? ಅದರ ಜಾಗಕ್ಕೆ."

"ಆಮೇಲೆ?"

"ರಿಪೇರಿ ಮಾಡಿಸ್ತೀವಿ."

ಮಸಿ ಅವ್ವನನ್ನು ನೋಡಿದಳು. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕೆಲಸ ಹೋದರೆ ಕೋಣೆ ಹೋಗುತ್ತದೆ. ಕೋಣೆ ಹೋದರೆ ಈ ವಯಸ್ಸಿನಲ್ಲಿ ಬೀದಿ. ಮೇಲೆ ಜೈಲು. ಪದವಿಗಂತೂ ಎಳ್ಳುನೀರು ಬಿಟ್ಟಂತೆ. ಮಸಿಗೆ ಇದೆಲ್ಲ ಗೊತ್ತಿತ್ತು, ಹೆದರಿಕೆಯೂ ಆಗಿತ್ತು.  ತಾನೊಬ್ಬಳೇ ಆಗಿದ್ದರೆ ಆಗಲೇ ಉತ್ತರ ಕೊಟ್ಟಿರುತ್ತಿದ್ದಳು.

"ಅವ್ವ," ಅಂದಳು. "ಕೇಸು ನಡೆದಷ್ಟು ದಿನ ಅವಳನ್ನ ಯಾರೂ ಮುಟ್ಟೋ ಹಾಗಿಲ್ಲವಂತೆ."

ಅವ್ವ ತಲೆ ಎತ್ತಿದಳು. "ಪುಟ್ಟಿನೂ ಹಚ್ಚಲ್ವಾ?"

"ಹಚ್ಚೋ ಹಾಗಿಲ್ಲ."

"ಬಣ್ಣ?"

"ಊಹೂಂ."

ಅವ್ವ ಮಂಡಿಗೆ ಕೈಯೂರಿ ಎದ್ದಳು. ಸಾಹೇಬರನ್ನು ದಾಟಿ, ಮೇಡಮ್ಮನ್ನು ದಾಟಿ, ಪೇದೆಯ ಮೇಜಿನ ಮುಂದೆ ಹೋಗಿ ನಿಂತಳು.

"ಬರ್ಕೊಳ್ಳಿ ಸ್ವಾಮಿ. ಕದ್ದದ್ದು ನಾನೇ. ಬೇಕು ಅಂತಲೇ ಕದ್ದೆ. ರಾಜಿ ಗೀಜಿ ಏನೂ ಇಲ್ಲ."

"ಹುಚ್ಚು ಹಿಡಿದಿದೆಯಾ ನಿಂಗೆ?" ಕಿರುಚಿದರು ಸಾಹೇಬರು.

"ನಾನೂ ಜೊತೆಗಿದ್ದೆ," ಅಂದಳು ಮಸಿ. "ಅದನ್ನೂ ಬರ್ಕೊಳ್ಳಿ."  ಅವ್ವನ ಪಕ್ಕ ಹೋಗಿ ನಿಂತಳು.

ಪೇದೆ ಸಾಹೇಬರ ಮುಖ ನೋಡಿದ, ಇವರಿಬ್ಬರ ಮುಖ ನೋಡಿದ, ಉಸ್ಸೆಂದು ಪೆನ್ನು ತೆಗೆದುಕೊಂಡು ಬರೆದ. ಬರೆದು ಮುಗಿಸಿ ಶಾಯಿಯ ಪ್ಯಾಡು ಅವ್ವನ ಮುಂದೆ ತಳ್ಳಿದ. ಅವ್ವ ಹೆಬ್ಬೆರಳು ಅದ್ದಿದಳು. ಒತ್ತುವ ಮೊದಲು ಕೈ ತಡೆದಳು.

"ಸ್ವಾಮಿ, ಆ ಹುಬ್ಬಿನ ವಿಷಯ ಬರೆದ್ರಲ್ಲ. ಅದನ್ನ ಇನ್ನೊಂದು ಸಲ ಓದಿ ಹೇಳಿ."

ಪೇದೆ ಬೆರಳಿಟ್ಟು ಹುಡುಕಿದ. "ಹುಬ್ಬು ಗಂಟಿಕ್ಕಿದೆ."

"ಹೂಂ," ಅಂದಳು ಅವ್ವ. "ಎಲ್ಲಿ ಒತ್ತಬೇಕು ತೋರಿಸಿ."